ಗಣಿತ ಓದುವ ಮುಂಚೆ ಒಂದು ಲೆಕ್ಕ

ಮಾನ್ಯ ಸಂಪಾದಕರೇ,

ಗಣಿತದಲ್ಲಿ ಡಿಗ್ರಿ ಮಾಡಿದರೆ ಮುಂದೇನು ಅಂತ ಯಾರನ್ನೇ ಕೇಳಿ, ಎರಡೇ ಉತ್ತರ. ಒಂದು, ‘ಮೇಷ್ಟ್ರಾಗಬಹುದು ಅಷ್ಟೇ’. ಇನ್ನೊಂದು, ‘ಡೇಟಾ ಸೈನ್ಸ್‌ಗೆ ಹೋದರೆ ಲಾಟರಿ’. ನಾನು ಗಣಿತವನ್ನೇ ಓದಿದವನು, ಎರಡೂ ಕೇಳಿ ಕೇಳಿ ಸಾಕಾಗಿದೆ. ಗಣಿತ ಓದೋಕೆ ಹೊರಟವರ ಮುಂದೆ ಕೂತು ಖರ್ಚಿನ ಲೆಕ್ಕವನ್ನು ಯಾರೂ ನೆಟ್ಟಗೆ ಹಾಕಿ ತೋರಿಸುವುದಿಲ್ಲ ಅನ್ನೋದೇ ನನ್ನ ತಕರಾರು.

ಮೊದಲು ಆ ‘ಸರಾಸರಿ ಸಂಬಳ’. ಜಾಹೀರಾತುಗಳಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತಲ್ಲ, ಅದು. ಒಂದು ತರಗತಿಯಲ್ಲಿ ಹತ್ತು ಜನ ಅಂದುಕೊಳ್ಳಿ. ವರ್ಷಕ್ಕೆ ಒಂಬತ್ತು ಜನರಿಗೆ ತಲಾ 3 ಲಕ್ಷ, ಒಬ್ಬನಿಗೆ 63 ಲಕ್ಷ. ಕೂಡಿದರೆ 90, ಸರಾಸರಿ 9. ಆ 9 ಮಾತ್ರ ಒಬ್ಬರ ಕೈಗೂ ಬಂದಿಲ್ಲ! ಮಧ್ಯಾಂಕ, ಅಂದರೆ ಸಂಬಳಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಟ್ಟರೆ ನಟ್ಟನಡುವೆ ಬರೋದು, ಎಷ್ಟು ಅಂತ ಕೇಳಿ, 3 ಅಂತಾರೆ. ಗಣಿತ ಓದಿದವರಲ್ಲಿ ಈ ಏರುಪೇರು ಜಾಸ್ತಿ, ಯಾಕಂದ್ರೆ ಈ ಡಿಗ್ರಿಗೆ ಅಂತ ಒಂದು ಗೊತ್ತಾದ ಕೆಲಸ ಇಲ್ಲ. ಒಬ್ಬ ಷೇರುಪೇಟೆಯ ಕಂಪನಿಗೆ ಹೋಗುತ್ತಾನೆ, ಇನ್ನೊಬ್ಬಳು ಟ್ಯೂಷನ್ ಹೇಳುತ್ತಾ ಎಂಟು ತಿಂಗಳು ಕಾಯುತ್ತಾಳೆ.

ಇನ್ನು ಓದನ್ನು ಅರ್ಧಕ್ಕೆ ಬಿಟ್ಟವರು ಆ ಸಂಬಳದ ಪಟ್ಟಿಯಲ್ಲೇ ಇರುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ವಾಪಸ್ ಬಂದ ವಿಮಾನಗಳ ಗುಂಡಿನ ತೂತುಗಳನ್ನು ಎಣಿಸುತ್ತಿದ್ದರಂತೆ. ತೂತು ಕಮ್ಮಿ ಇರುವ ಕಡೆಗೇ ಹೆಚ್ಚು ರಕ್ಷಣೆ ಬೇಕು, ಅಲ್ಲಿ ಏಟು ತಿಂದವು ವಾಪಸ್ಸೇ ಬಂದಿಲ್ಲ ಅನ್ನೋದು ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞ ಮಾಡಿದ ಲೆಕ್ಕ. ಸಂಬಳದ ಪಟ್ಟಿಯನ್ನೂ ಹಾಗೇ ಓದಬೇಕು. ಮೊದಲ ವರ್ಷ ಎಷ್ಟು ಜನ ಸೇರಿದರು, ಕೊನೆಗೆ ಎಷ್ಟು ಜನ ಉಳಿದರು?

ಫೀಸು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ, ಸಾಲ ಮಾಡಿ ಓದುವವರಿಗಂತೂ ಅಲ್ಲ. ಶೇ 9ರ ಚಕ್ರಬಡ್ಡಿಯಲ್ಲಿ ಸಾಲವನ್ನು ಹಾಗೇ ಬಿಟ್ಟರೆ ಎಂಟೇ ವರ್ಷಕ್ಕೆ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಆದರೆ ಯಾರೂ ಎಣಿಸದ ಖರ್ಚು ಅಂದರೆ ವರ್ಷಗಳು. ಡಿಗ್ರಿ ಸಾಲದು ಅಂತ ಮಾಸ್ಟರ್ಸ್, ಅದೂ ಸಾಲದು ಅಂತ ಶಿಕ್ಷಕರ ತರಬೇತಿಯೋ ಕೋಡಿಂಗ್ ಕೋರ್ಸೋ. ಅಷ್ಟರಲ್ಲಿ ಬೇರೆ ದಾರಿ ಹಿಡಿದ ಗೆಳೆಯ ಐದು ವರ್ಷ ಸಂಬಳ ಎಣಿಸಿರುತ್ತಾನೆ. ಆ ಬಾರದ ಸಂಬಳವನ್ನೂ ಖರ್ಚಿಗೇ ಸೇರಿಸಿ.

ಉತ್ಸಾಹ ತುಂಬುವವರು ಜಿಮ್ ಸೈಮನ್ಸ್ ಹೆಸರು ಹೇಳುತ್ತಾರೆ, ಗಣಿತದಿಂದಲೇ ಕುಬೇರನಾದ ಅಂತ. 1978ರಲ್ಲಿ ಪ್ರೊಫೆಸರ್ ಕೆಲಸ ಬಿಟ್ಟು ಹಣಕಾಸಿಗೆ ಇಳಿದಾಗ ಆತನಿಗೆ 40 ವರ್ಷ, ಅಷ್ಟು ಹೊತ್ತಿಗೆ ದೊಡ್ಡ ಗಣಿತಜ್ಞ ಅನ್ನಿಸಿಕೊಂಡಾಗಿತ್ತು ಅನ್ನೋದನ್ನ ಹೇಳುವುದಿಲ್ಲ. ಇಲ್ಲಾಂದ್ರೆ ಸಂದೇಶವನ್ನು ಗುಟ್ಟಾಗಿಡುವ 1977ರ ಆರ್‌ಎಸ್‌ಎ ಎಂಬ ಗುಪ್ತಲಿಪಿ ತೋರಿಸುತ್ತಾರೆ. ಅವಿಭಾಜ್ಯ ಸಂಖ್ಯೆಗಳ ಮೇಲೆ ನಿಂತ ಅದ್ಭುತ, ಒಪ್ಪಿದೆ. ಆದರೆ ಗಣಿತದಿಂದ ಜಗತ್ತಿಗೆ ಉಪಯೋಗ ಆಗೋದು ಬೇರೆ, ನಿಮ್ಮ ಬ್ಯಾಂಕ್ ಖಾತೆಗೆ ಸಂಬಳ ಬೀಳೋದು ಬೇರೆ, ಅಲ್ವಾ?

ನನ್ನ ಮೊದಲ ಇಂಟರ್‌ವ್ಯೂನಲ್ಲಿ ‘ನಿಮಗೆ ಏನು ಬರುತ್ತೆ?’ ಅಂದರು. ‘ಸಾಬೀತು ಮಾಡೋಕೆ ಬರುತ್ತೆ’ ಅಂದೆ. ನಕ್ಕು ಕಳಿಸಿದರು. ತಪ್ಪು ನನ್ನದೇ. ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್ ಎರಡನ್ನೂ ಕೊನೇ ವರ್ಷದವರೆಗೆ ಮುಟ್ಟಿರಲಿಲ್ಲ. ಆಕ್ಚುರಿ ಅಂತ ಒಂದು ಕೆಲಸ ಇದೆ ಅನ್ನೋದೇ ಗೊತ್ತಿರಲಿಲ್ಲ. ವಿಮೆ, ಪಿಂಚಣಿಯಲ್ಲಿ ಅಪಾಯ ಅಳೆಯುವವರು, ಕೆಲಸ ಮಾಡುತ್ತಲೇ ವರ್ಷಗಟ್ಟಲೆ ಪರೀಕ್ಷೆ ಬರೆಯಬೇಕು.

ಹಾಗಂತ ಓದಿದ್ದು ದಂಡ ಅಂತೀರಾ? ಇಲ್ಲ. ಎಪ್ಸಿಲಾನ್–ಡೆಲ್ಟಾ ಅಂತ ಕ್ಯಾಲ್ಕುಲಸ್‌ನಲ್ಲಿ ಸಾಬೀತು ಮಾಡೋ ಒಂದು ವಿಧಾನ ಇದೆ. ಒಂದು ಸಲ ಅದರ ಒಂದೇ ಲೆಕ್ಕಕ್ಕೆ ಮೂರು ದಿನ ಕೂತಿದ್ದೆ, ರಾಶಿ ಹಾಳೆ ಹರಿದಿದ್ದೆ. ನಾಲ್ಕನೇ ದಿನ ಕಣ್ಣಿಗೆ ಬಿತ್ತು, ಏನನ್ನು ಸಾಬೀತು ಮಾಡಬೇಕಿತ್ತೋ ಅದನ್ನೇ ಎರಡನೇ ಸಾಲಿನಲ್ಲಿ ನಿಜ ಅಂತ ಹಿಡಿದು ಹೊರಟಿದ್ದೆ. ಎಷ್ಟೋ ವರ್ಷ ಆದಮೇಲೆ ಆಫೀಸಿನಲ್ಲಿ ಎಲ್ಲರೂ ತಲೆಯಾಡಿಸಿದ್ದ ಒಂದು ವರದಿಯಲ್ಲಿ ಅದೇ ತಪ್ಪು ಸಿಕ್ಕಿತು. ಮುಂದಿನ ವರ್ಷ ಮಾರಾಟ ಏರುತ್ತದೆ ಅಂತ ತೋರಿಸೋಕೆ, ಏರುತ್ತದೆ ಅನ್ನೋ ಅಂಕಿಯನ್ನೇ ಮೊದಲು ತುಂಬಿದ್ದರು. ನನ್ನ ಸಂಬಳ ಏರಿದ್ದು ಆಮೇಲೆ. ಆದರೆ ಅಲ್ಲಿಗೆ ಮುಟ್ಟೋಕೆ ಏಳು ವರ್ಷ ಹಿಡಿಯಿತು, ಆ ಏಳು ವರ್ಷ ಕಾಯೋ ತಾಕತ್ತು ಎಲ್ಲ ಮನೆಗೂ ಇರುವುದಿಲ್ಲ.

ನಿಮ್ಮಲ್ಲಿ ಒಂದು ಕೇಳಿಕೆ. ಶಿಕ್ಷಣದ ವಿಶೇಷ ಪುಟ ಮಾಡಿದಾಗ ಕೋರ್ಸಿನ ಸರಾಸರಿ ಸಂಬಳದ ಪಕ್ಕದಲ್ಲೇ ಮಧ್ಯಾಂಕ, ಅರ್ಧಕ್ಕೆ ಬಿಟ್ಟವರ ಸಂಖ್ಯೆ, ಮೊದಲ ಕೆಲಸ ಸಿಗೋಕೆ ಹಿಡಿದ ತಿಂಗಳು ಇವನ್ನೂ ಹಾಕಿ. ಕಾಲೇಜಿನವರು ಕೊಡದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು ‘ಕೊಟ್ಟಿಲ್ಲ’ ಅಂತ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ