ಅತ್ತಿಗೆಗೂ ಒಂದು ಬೆಂಚು ಕೊಡಿ

ಮಾನ್ಯ ಸಂಪಾದಕರೇ,

ನನ್ನ ಅತ್ತಿಗೆಗೆ 47 ವರ್ಷ. ಬೀಡಿ ಕಟ್ಟುತ್ತಲೇ ಹತ್ತನೇ ತರಗತಿ, ಆಮೇಲೆ ಪ್ಲಸ್ ಟು ತತ್ಸಮಾನ ಪರೀಕ್ಷೆ ಪಾಸಾದವರು. ಬೀಡಿ ಕಟ್ಟುವ ತಡ್ಪೆಯ (ಮೊರದ) ಪಕ್ಕ ಪುಸ್ತಕ ತೆರೆದು, ಪುಟ ಹಾರದಂತೆ ಎಲೆ ಕತ್ತರಿಸುವ ಕತ್ತರಿಯನ್ನೇ ಮೇಲಿಟ್ಟು ಓದುತ್ತಿದ್ದರು. ಕಳೆದ ಜೂನ್‌ನಲ್ಲಿ ಕನ್ನಡ ಬಿ.ಎ. ಸೇರಲೆಂದು ಕಾಲೇಜೊಂದಕ್ಕೆ ಹೋದರೆ, ಕಚೇರಿಯಲ್ಲಿ ಕೇಳಿದ್ದು "ಮಗಳು ಬರಲಿಲ್ವಾ?" ಎಂದು. ಅರ್ಜಿ ತನಗೇ ಎಂದಾಗ ನಕ್ಕುಬಿಟ್ಟರಂತೆ. ಅತ್ತಿಗೆ ಬಂದ ಬಸ್ಸಿನಲ್ಲೇ ವಾಪಸಾದರು. ಆ ನಗು ನನಗಿನ್ನೂ ಚುಚ್ಚುತ್ತಿದೆ.

96ನೇ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದ ಆಲಪ್ಪುಳದ ಕಾರ್ತ್ಯಾಯನಿ ಅಮ್ಮನನ್ನು 2018ರಲ್ಲಿ ಇದೇ ಕೇರಳ ಕೊಂಡಾಡಿತ್ತು. ಅಕ್ಷರ ಕಲಿತ ಹಿರಿಯರಿಗೆ ಚಪ್ಪಾಳೆ ತಟ್ಟುವ ನಾವು, ಪದವಿ ಬೇಕೆಂದವರನ್ನು ಬಾಗಿಲಲ್ಲೇ ನಿಲ್ಲಿಸುವುದು ಯಾವ ನ್ಯಾಯ?

ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿಗೆ ವಯೋಮಿತಿಯಿಲ್ಲ, ನಿಜ. ಆದರೆ ಅತ್ತಿಗೆಗೆ ಬೇಕಾದದ್ದು ಮೇಷ್ಟ್ರು, ಬೆಂಚು, ಪಕ್ಕದಲ್ಲಿ ಕೂರುವ ಗೆಳತಿ. ಕಾಸರಗೋಡು, ಮಂಜೇಶ್ವರ ಭಾಗದ ಕಾಲೇಜುಗಳು ಸಂಜೆಯೋ ಭಾನುವಾರವೋ ಕನ್ನಡದಲ್ಲಿ ತರಗತಿ ನಡೆಸಲಿ. ಅರ್ಜಿ ತುಂಬಿಸಲು ಕನ್ನಡ ಬಲ್ಲ ಒಬ್ಬರನ್ನು ಕೂರಿಸಲಿ. ಅತ್ತಿಗೆಯ ಸರ್ಟಿಫಿಕೇಟುಗಳು ಪ್ಲಾಸ್ಟಿಕ್ ಕವರಿನಲ್ಲಿ ಇನ್ನೂ ಭದ್ರವಾಗಿವೆ.

– ಓರ್ವ ಓದುಗ, ಪೆರ್ಲ, ಕಾಸರಗೋಡು