ಮಾಳಿಗೆಯ ಬೀಗ ತೆಗೆಸಿ, ಸಂಡಿಗೆಗೆ ಬಿಸಿಲು ಬಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಯುಗಾದಿ ಕಳೆದ ಮರುವಾರ, ನಾವು ವಾಸವಾಗಿರುವ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕದ ಗೋಡೆಯ ಮೇಲೆ ಒಂದು ಸೂಚನಾಪತ್ರ ಕಾಣಿಸಿತು. ತಾರಸಿಯ ಮೇಲೆ ಬಟ್ಟೆ, ಕಾಳುಕಡಿ, ಹಪ್ಪಳ, ಸಂಡಿಗೆ ಮುಂತಾದವುಗಳನ್ನು ಒಣಗಿಸುವುದನ್ನು ನಿಷೇಧಿಸಲಾಗಿದೆ ಎಂದೂ, ತಾರಸಿಯ ಬಾಗಿಲಿಗೆ ಬೀಗ ಹಾಕಲಾಗಿದ್ದು ನೀರಿನ ಟ್ಯಾಂಕ್ ತೊಳೆಯುವವರಿಗೆ ಮಾತ್ರ ಕೀಲಿ ಕೊಡಲಾಗುವುದೆಂದೂ ಅದರಲ್ಲಿ ಬರೆದಿತ್ತು. ಕಟ್ಟಡದ ಹೆಸರನ್ನಾಗಲಿ ನಿವಾಸಿಗಳ ಸಂಘದವರ ಹೆಸರನ್ನಾಗಲಿ ಹೇಳಿ ದೂರುವುದು ನನ್ನ ಉದ್ದೇಶವಲ್ಲ. ಊರಿನ ಬೇರೆ ಬಡಾವಣೆಗಳಲ್ಲಿರುವ ನನ್ನ ಗೆಳತಿಯರನ್ನು ವಿಚಾರಿಸಿದಾಗ ಅವರಲ್ಲಿ ಕೆಲವರ ಕಟ್ಟಡಗಳಲ್ಲೂ ಇದೇ ನಿಯಮ ಬಂದಿದೆ ಎಂದು ತಿಳಿಯಿತು. ಇದು ಒಂದು ಮನೆಯ ಮಾತಾಗಿ ಉಳಿದಿಲ್ಲವಾದ್ದರಿಂದ ತಮ್ಮ ಪತ್ರಿಕೆಗೆ ಬರೆಯುತ್ತಿದ್ದೇನೆ.

ನನ್ನ ತವರು ಚಳ್ಳಕೆರೆಯ ಕಡೆಯ ಒಂದು ಹಳ್ಳಿ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಅದೂ ಒಂದು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಳೆಗಾಲಕ್ಕೆ ಮುಂಚೆ ಅಪ್ಪ ಮಾಳಿಗೆಯ ಮೇಲೆ ಕರಲು ಮಣ್ಣು ಹಾಕಿ ಸೋರದಂತೆ ಮಾಡುತ್ತಿದ್ದರು. ಅದಕ್ಕೂ ಮೊದಲಿನ ಎರಡು ತಿಂಗಳು ಮಾಳಿಗೆ ಪೂರ್ತಿಯಾಗಿ ಅಮ್ಮನ ವಶದಲ್ಲಿರುತ್ತಿತ್ತು. ಒಂದು ಮೂಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ಇನ್ನೊಂದು ಕಡೆ ಹುಳು ಹಿಡಿಯದಂತೆ ಹರವಿದ ತೊಗರಿಬೇಳೆ, ಕೋಲಿನ ಮೇಲೆ ಇಳಿಬಿಟ್ಟ ಶಾವಿಗೆ, ನಡುವೆ ಹಳೆಯ ಪಂಚೆಯ ಮೇಲೆ ಸಾಲುಸಾಲಾಗಿ ಸಂಡಿಗೆ. ಮದುವೆಯಾಗಿ ದಾವಣಗೆರೆಗೆ ಬಂದ ಮೇಲೂ, ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನ ತಾರಸಿ ಬಂತೆಂಬುದನ್ನು ಬಿಟ್ಟರೆ, ಬೇಸಿಗೆ ನನಗೆ ಹಾಗೆಯೇ ಉಳಿಯಿತು. ಮಗನ ಕೆಲಸಕ್ಕೆ ಹತ್ತಿರವಾಗಲೆಂದು ನಾಲ್ಕು ವರ್ಷದ ಕೆಳಗೆ ಸ್ವಂತ ಮನೆ ಬಿಟ್ಟು ಈ ಮೂರನೆಯ ಮಹಡಿಗೆ ಬಂದಾಗಲೂ ನಾನು ಮೊದಲು ಹತ್ತಿ ನೋಡಿದ್ದು ತಾರಸಿಯನ್ನೇ.

ಸಂಡಿಗೆ ಮಾಡುವುದನ್ನು ಎಂದೂ ಹತ್ತಿರದಿಂದ ನೋಡದವರಿಗೆ ಇದಕ್ಕೇಕೆ ಇಷ್ಟು ಹಠ ಎನಿಸಬಹುದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅಕ್ಕಿಯನ್ನು ಮೂರು ದಿನ ನೀರಿನಲ್ಲಿ ನೆನೆಯಲು ಬಿಡಬೇಕು, ದಿನವೂ ನೀರು ಬದಲಿಸಬೇಕು. ಮೂರನೆಯ ದಿನಕ್ಕೆ ಅಕ್ಕಿ ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮೆತ್ತಗಾಗಿ, ತುಸು ಹುಳಿ ವಾಸನೆ ಬಂದಿರುತ್ತದೆ. ಸಂಡಿಗೆಯ ರುಚಿ ಇರುವುದೇ ಆ ಹುಳಿಯಲ್ಲಿ. ರಾತ್ರಿಯೇ ನುಣ್ಣಗೆ ರುಬ್ಬಿಟ್ಟು, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ದಪ್ಪ ತಳದ ಪಾತ್ರೆಯಲ್ಲಿ ಒಂದು ಅಳತೆ ಹಿಟ್ಟಿಗೆ ಮೂರು ಅಳತೆಯಷ್ಟು ನೀರು ಕುದಿಯಲು ಇಡುತ್ತೇನೆ. ಅದಕ್ಕೆ ಜೀರಿಗೆ, ಇಂಗು, ಅರೆದ ಹಸಿಮೆಣಸಿನಕಾಯಿ, ಉಪ್ಪು. ಉಪ್ಪನ್ನು ಮಾತ್ರ ನಾಲಗೆಗೆ ಸಾಕೆನಿಸುವುದಕ್ಕಿಂತ ಕಡಿಮೆಯೇ ಹಾಕಬೇಕು, ಏಕೆಂದರೆ ಬಿಸಿಲಿಗೆ ನೀರು ಹೋಗುತ್ತದೆಯೇ ಹೊರತು ಉಪ್ಪು ಹೋಗುವುದಿಲ್ಲ. ಮದುವೆಯಾದ ಮೊದಲ ವರ್ಷ ಇದನ್ನು ಮರೆತು, ನಮ್ಮ ಅತ್ತೆಯವರು ಬಾಯಿಗೆ ಹಾಕಿಕೊಂಡ ಸಂಡಿಗೆಯನ್ನು ಏನೂ ಅನ್ನದೆ ನುಂಗಿದ್ದು ನನಗೆ ಇಂದಿಗೂ ನೆನಪಿದೆ. ಕುದಿಯುವ ನೀರಿಗೆ ಹಿಟ್ಟು ಬಿಟ್ಟು ಕೈ ನಿಲ್ಲಿಸದೆ ತಿರುವುತ್ತಿದ್ದರೆ ಬಿಳಿಯ ಹಿಟ್ಟು ನಿಧಾನವಾಗಿ ಮಂಜುಬಣ್ಣಕ್ಕೆ ತಿರುಗಿ ಹೊಳಪು ಪಡೆಯುತ್ತದೆ. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿತೆಂದು ಲೆಕ್ಕ.

ಅಲ್ಲಿಂದ ಮುಂದೆ ಎಲ್ಲವೂ ಬಿಸಿಲಿನ ಕೈಯಲ್ಲಿದೆ. ಹಿಟ್ಟು ಬಿಸಿಯಿರುವಾಗಲೇ ಮೇಲಕ್ಕೆ ಒಯ್ದು, ಒದ್ದೆ ಮಾಡಿ ಹಿಂಡಿದ ಪಂಚೆಯ ಮೇಲೆ ಚಮಚದಿಂದ ಬಿಡಬೇಕು. ತಡಮಾಡಿದರೆ ಗಟ್ಟಿಯಾಗಿ ಹರಡುವುದಿಲ್ಲ. ಏಳು ಗಂಟೆಗೆ ಬಿಟ್ಟ ಸಂಡಿಗೆಯ ಅಂಚು ಹನ್ನೊಂದರ ಹೊತ್ತಿಗೆ ಮೇಲೇಳುತ್ತದೆ. ಮರುದಿನ ಬಟ್ಟೆಯನ್ನು ಮಗುಚಿ, ಹಿಂಬದಿಗೆ ನೀರು ಚಿಮುಕಿಸಿ ಒಂದೊಂದಾಗಿ ಬಿಡಿಸಿ, ಇನ್ನೂ ಎರಡು ದಿನ ಬಿಸಿಲಿಗೆ ಹಾಕಬೇಕು. ಮುರಿದಾಗ ಬಾಗದೆ ಲಟಕ್ಕೆಂದರೆ ಮಾತ್ರ ಡಬ್ಬಿಗೆ ತುಂಬುವುದು. ಕಾದ ಎಣ್ಣೆಗೆ ಬಿದ್ದಾಗ ಅದರೊಳಗೆ ಉಳಿದ ಅಷ್ಟಿಷ್ಟು ತೇವ ಆವಿಯಾಗಿ ಸಂಡಿಗೆಯನ್ನು ಅರಳಿಸುತ್ತದೆ. ತೇವ ಹೆಚ್ಚಿದ್ದರೆ ಅರಳದೆ ಕಲ್ಲಾಗುತ್ತದೆ, ಡಬ್ಬಿಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ದಾವಣಗೆರೆ, ಚಿತ್ರದುರ್ಗದ ಏಪ್ರಿಲ್ ಬಿಸಿಲನ್ನು ಎಲ್ಲರೂ ಬೈಯುತ್ತಾರೆ. 37–38 ಡಿಗ್ರಿಯ ಆ ಒಣ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಒಣಗಿಸಲು ತಾರಸಿಯೇ ಬೇಕೇ, ಬಾಲ್ಕನಿಯಲ್ಲಿ ಆಗುವುದಿಲ್ಲವೇ ಎಂದು ಸಂಘದ ಹಿರಿಯರೊಬ್ಬರು ನನ್ನನ್ನು ಕೇಳಿದರು. ಅದನ್ನೂ ಮಾಡಿ ನೋಡಿದ್ದೇನೆ. ಎರಡು ವರ್ಷದ ಹಿಂದೆ ಮಂಡಿನೋವು ಹೆಚ್ಚಾಗಿ ಮೇಲೆ ಹತ್ತಲಾಗದೆ, ಉತ್ತರಕ್ಕಿರುವ ನಮ್ಮ ಬಾಲ್ಕನಿಯಲ್ಲಿ ಸಂಡಿಗೆ ಇಟ್ಟು, ಸಂಜೆಯಾದ ಮೇಲೆ ಹಾಲಿನಲ್ಲಿ ಫ್ಯಾನಿನ ಕೆಳಗೆ ಹರವಿದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಉಳಿಯಿತು. ಮೂರನೆಯ ದಿನ ಬೆಳಿಗ್ಗೆ ಒಂದನ್ನು ಮಗುಚಿ ನೋಡಿದರೆ ಅಡಿಯಲ್ಲಿ ಹತ್ತಿಯ ಎಳೆಯಂತೆ ಬಿಳಿಯ ಬೂಷ್ಟು. ಎರಡು ಸೇರು ಅಕ್ಕಿಯ ಸಂಡಿಗೆಯನ್ನು ಅಷ್ಟೂ ಚೆಲ್ಲಬೇಕಾಯಿತು. ಆ ದಿನ ಸೊಸೆ, “ಅತ್ತೆ, ಇನ್ನ ಬ್ಯಾಡ ಬಿಡ್ರಿ, ಅಂಗಡೀಲಿ ತಂದ್ರಾತು” ಎಂದಳು. ನನ್ನ ಮೇಲಿನ ಕಾಳಜಿಯಿಂದಲೇ ಅಂದದ್ದು. ಆದರೆ ಮರುವರ್ಷ ಹಿಟ್ಟಿನ ಪಾತ್ರೆಯನ್ನು ಮೇಲಕ್ಕೆ ಹೊತ್ತು ತಂದವಳೂ ಅವಳೇ. ಕಚೇರಿಗೆ ಹೋಗುವ ಮುಂಚೆ ಒಂದು ಪಂಚೆಯ ಪೂರ್ತಿ ಸಂಡಿಗೆ ಬಿಟ್ಟು, ಕೈ ತೊಳೆದು ಹೋದಳು.

ಅಂಗಡಿಯ ಹಪ್ಪಳವನ್ನು ನಾನು ಹೀಗಳೆಯುವುದಿಲ್ಲ. ಅದನ್ನು ಮಾಡುವ ಕೈಗಳೂ ಹೆಣ್ಣುಮಕ್ಕಳವೇ. ಲಿಜ್ಜತ್ ಹಪ್ಪಳದ ಸಂಸ್ಥೆ ಹುಟ್ಟಿದ್ದು 1959ರ ಮಾರ್ಚ್‌ನಲ್ಲಿ, ಮುಂಬಯಿಯ ಗಿರಗಾಂವ್‌ನ ಒಂದು ಕಟ್ಟಡದ ತಾರಸಿಯ ಮೇಲೆ, ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ಮೊದಲ ದಿನ ನಾಲ್ಕು ಪೊಟ್ಟಣ ಮಾಡುವುದರೊಂದಿಗೆ. ಆ ತಾರಸಿಗೆ ಯಾರಾದರೂ ಬೀಗ ಹಾಕಿದ್ದರೆ ಎಂದು ನಾನು ಈ ದಿನಗಳಲ್ಲಿ ಅನೇಕ ಸಲ ಯೋಚಿಸಿದ್ದೇನೆ.

ಮನೆಯಲ್ಲಿ ಮಾಡಿದ ಸಂಡಿಗೆಯಿಂದ ಉಳಿಯುವ ಹಣ ದೊಡ್ಡದೇನಲ್ಲ, ಹಣಕ್ಕಾಗಿ ನಾನು ಇದನ್ನು ಮಾಡುವುದೂ ಇಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಎಂಟು ವರ್ಷದ ಮೊಮ್ಮಗಳು ಕಾಗೆ ಕಾಯುವ ಕೆಲಸ ವಹಿಸಿಕೊಂಡಿದ್ದಳು. ಟ್ಯಾಂಕಿನ ನೆರಳಿನಲ್ಲಿ ಕರಿ ಕೊಡೆ ಬಿಚ್ಚಿಟ್ಟುಕೊಂಡು, ಒಂದು ಬಟ್ಟಲು ಮಂಡಕ್ಕಿ ಹಿಡಿದು ಕುಳಿತವಳು, ಅರ್ಧ ಒಣಗಿದ ಸಂಡಿಗೆಯನ್ನು ನಾನು ನೋಡದಾಗ ಕಿತ್ತು ತಿನ್ನುತ್ತಿದ್ದಳು. ಹೊರಗೆ ಗರಿಯಾಗಿ ಒಳಗೆ ಮೆತ್ತಗಿರುವ ಆ ಅರೆ ಒಣಗಿದ ಸಂಡಿಗೆಯ ರುಚಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಾನೂ ಅವಳ ವಯಸ್ಸಿನಲ್ಲಿ ಹಾಗೆಯೇ ಕದ್ದು ತಿಂದವಳಾದ್ದರಿಂದ ಕಂಡೂ ಕಾಣದಂತೆ ಇರುತ್ತಿದ್ದೆ. ಎರಡನೆಯ ಮಹಡಿಯ ಮುಸ್ಲಿಂ ಕುಟುಂಬದ ಹೆಣ್ಣುಮಗಳೊಬ್ಬಳು ಒಣಮೆಣಸಿನಕಾಯಿ ಹರವಲು ಬಂದವಳು ನಮ್ಮ ಪಂಚೆಯ ಇನ್ನೊಂದು ತುದಿ ಹಿಡಿದಳು. “ಆಂಟಿ, ನಮ್ಮನೇಲಿ ಇದಕ್ಕೆ ಎಳ್ಳು ಹಾಕ್ತೀವಿ, ಒಂದ್ಸಲ ಹಾಕಿ ನೋಡ್ರಿ” ಎಂದಳು. ಈಗ ನಮ್ಮ ಮನೆಯ ಸಂಡಿಗೆಗೂ ಎಳ್ಳು ಬಿದ್ದಿದೆ. ಒಂದೇ ಕಟ್ಟಡದಲ್ಲಿ ಮೂರು ವರ್ಷ ಇದ್ದೂ, ಲಿಫ್ಟಿನಲ್ಲಿ ತಲೆಯಾಡಿಸುವುದನ್ನು ಬಿಟ್ಟರೆ ನಾವಿಬ್ಬರೂ ಅಲ್ಲಿಯವರೆಗೆ ಮಾತನಾಡಿದವರಲ್ಲ.

ಸಂಘದವರು ಕೊಡುವ ಕಾರಣಗಳನ್ನು ನಾನು ಸುಮ್ಮನೆ ತಳ್ಳಿಹಾಕಲಾರೆ. ಸಣ್ಣ ಮಕ್ಕಳು ಒಬ್ಬರೇ ಮೇಲೆ ಹೋದರೆ ಅಪಾಯವೆಂಬುದು ನಿಜವಾದ ಮಾತು, ಅದಕ್ಕೆ ದೊಡ್ಡವರೊಬ್ಬರು ಇರಲೇಬೇಕೆಂಬ ನಿಯಮ ಮಾಡಲಿ. ಚೆಲ್ಲಿದ ಕಾಳಿಗೆ ಪಾರಿವಾಳಗಳು ಬಂದು ಗಲೀಜು ಮಾಡುತ್ತವೆಂಬುದೂ ನಿಜ, ಹರವಿದವರೇ ಸಂಜೆ ಗುಡಿಸಿ ಬರಲಿ. ತಾರಸಿ ಸೋರುತ್ತದೆಂಬ ಮಾತನ್ನು ಮಾತ್ರ ಒಪ್ಪಲಾರೆ. ಒಂದು ಹಳೆಯ ಪಂಚೆಯ ಭಾರಕ್ಕೆ ಸೋರುವ ಸಿಮೆಂಟಾದರೆ ದೋಷ ಸಂಡಿಗೆಯದಲ್ಲ. ಇನ್ನು ಸೋಲಾರ್ ಫಲಕಗಳ ವಿಷಯ. 2024ರಲ್ಲಿ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆ ಬಂದ ಮೇಲೆ ತಾರಸಿಯ ಮೇಲೆ ಫಲಕ ಹಾಕಿಸುವ ಆಲೋಚನೆ ನಮ್ಮಲ್ಲೂ ನಡೆದಿದೆ, ಅದಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ತಂತಿಗಳ ನಡುವೆ ಓಡಾಡಬಾರದೆಂಬುದೂ ಸರಿ. ಆದರೆ ಫಲಕಗಳ ನಕ್ಷೆ ಬರೆಯುವಾಗಲೇ ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಜಾಗವನ್ನು, ನೆರಳು ಬೀಳದ ಕಡೆ, ಮನೆಯವರಿಗೆಂದು ಬಿಟ್ಟರೆ ಎರಡು ಕೆಲಸವೂ ಅದೇ ಬಿಸಿಲಿನಲ್ಲಿ ನಡೆಯುತ್ತದೆ.

ಕಾನೂನು ನನಗೆ ಹೆಚ್ಚು ತಿಳಿಯದು, ಮಗನಿಂದ ಓದಿಸಿ ಅರ್ಥಮಾಡಿಕೊಂಡದ್ದನ್ನು ಹೇಳುತ್ತೇನೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ, ಕಟ್ಟಡದ ಘೋಷಣಾಪತ್ರದಲ್ಲಿ (ಡೀಡ್ ಆಫ್ ಡಿಕ್ಲರೇಷನ್) ಬೇರೆ ರೀತಿ ಹೇಳದಿದ್ದರೆ, ಮೆಟ್ಟಿಲು, ಮೊಗಸಾಲೆಗಳಂತೆ ಕಟ್ಟಡದ ಮೇಲ್ಛಾವಣಿಯೂ ಎಲ್ಲರಿಗೂ ಸೇರಿದ ಸಾಮಾನ್ಯ ಜಾಗ. ಇತರರ ಹಕ್ಕಿಗೆ ಅಡ್ಡಿಯಾಗದಂತೆ ಪ್ರತಿಯೊಬ್ಬ ಮಾಲೀಕರೂ ಅದನ್ನು ಬಳಸಬಹುದು. ಹಾಗಿರುವಾಗ ಪೂರ್ತಿ ನಿಷೇಧಿಸುವ ಮೊದಲು ಎಲ್ಲ ಮನೆಯವರನ್ನೂ, ಮುಖ್ಯವಾಗಿ ಮನೆಯ ಹೆಂಗಸರನ್ನೂ ಕೂರಿಸಿ ಕೇಳಬೇಕಿತ್ತು. ಸಂಘದ ಸಭೆ ನಡೆಯುವುದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ನಮ್ಮಲ್ಲಿ ಹೆಚ್ಚಿನವರು ಆ ಹೊತ್ತಿಗೆ ಅಡುಗೆಮನೆಯಲ್ಲಿರುತ್ತೇವೆ, ಸಭೆಗೆ ಹೋಗುವವರು ಗಂಡಸರು. ಇಂಥ ನಿಯಮ ಯಾರ ವಿರೋಧವೂ ಇಲ್ಲದೆ ಹೇಗೆ ಪಾಸಾಯಿತೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಬೇಡಿಕೆ ವರ್ಷಪೂರ್ತಿಯದಲ್ಲ. ಯುಗಾದಿಯಿಂದ ಭರಣಿ ಮಳೆಯವರೆಗೆ, ಎಂದರೆ ಏಪ್ರಿಲ್ ಕೊನೆಯವರೆಗೆ, ಬೆಳಗಿನ ಐದರಿಂದ ಸಂಜೆ ಆರರವರೆಗೆ ಕೀಲಿ ಸಿಗಲಿ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ, ರೈತರಿಗೆ ಅದು ಸಂತೋಷ. ಸಂಡಿಗೆಯವರು ಮಾತ್ರ ಅದಕ್ಕೆ ಮೊದಲೇ ಡಬ್ಬಿ ಮುಚ್ಚಿರಬೇಕು. ಕೆಳಗಿನ ಕಾವಲುಗಾರರ ಬಳಿ ಒಂದು ಪುಸ್ತಕ ಇಟ್ಟು, ಕೀಲಿ ಒಯ್ದವರ ಮನೆ ಸಂಖ್ಯೆ, ಹೊತ್ತು ಬರೆಸಿಕೊಂಡರೆ ಸಾಕು. ಒಂದು ದಿನಕ್ಕೆ ಎರಡು ಮನೆಯವರಂತೆ ಸರದಿ ಮಾಡಿಕೊಳ್ಳಲು ನಾವೇ ಸಿದ್ಧರಿದ್ದೇವೆ. ಹೊಸದಾಗಿ ಬಹುಮಹಡಿ ಕಟ್ಟಡಗಳ ನಕ್ಷೆಗೆ ಒಪ್ಪಿಗೆ ಕೊಡುವ ಅಧಿಕಾರಿಗಳು ವಾಹನ ನಿಲುಗಡೆಗೆ ಎಷ್ಟು ಜಾಗ ಬೇಕೆಂದು ಕೇಳುವಂತೆಯೇ, ತಾರಸಿಯಲ್ಲಿ ಒಣಗಿಸಲು ಜಾಗ ಎಲ್ಲಿದೆ ಎಂದೂ ಒಂದು ಮಾತು ಕೇಳಲಿ ಎಂಬುದು ನನ್ನ ಕೋರಿಕೆ. ತಮ್ಮ ಪತ್ರಿಕೆಯೂ ಬೇಸಿಗೆಯ ದಿನಗಳಲ್ಲಿ ಬಿಸಿಲಿನ ತಾಪದ ಸುದ್ದಿಯ ಜೊತೆಗೆ, ಒಂದು ವಾರ ಒಂದು ಮನೆಯ ಮಾಳಿಗೆಯ ಚಿತ್ರವನ್ನು ಪ್ರಕಟಿಸಿದರೆ, ಬೀಗ ಹಾಕಿದವರಿಗೂ ಅದರ ಕೆಳಗೆ ಏನು ನಿಂತುಹೋಗಿದೆ ಎಂಬುದು ಕಾಣುತ್ತದೆ.

ಈ ವರ್ಷದ ಅಕ್ಕಿಯನ್ನು ಎರಡು ಸೇರು ಅಳೆದು, ಆರಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಒಮ್ಮೆ ನೀರಿಗೆ ಹಾಕಿದರೆ ಮೂರನೆಯ ದಿನಕ್ಕೆ ಬಿಸಿಲು ಬೇಕೇ ಬೇಕಾದ್ದರಿಂದ ಇನ್ನೂ ನೆನೆಹಾಕಿಲ್ಲ. ಮೊಮ್ಮಗಳಿಗೆ ಶಾಲೆಗೆ ರಜೆ ಬಿದ್ದಿದೆ, ದಿನವೂ ಬೆಳಿಗ್ಗೆ ಕೀಲಿ ಸಿಕ್ಕಿತೇ ಎಂದು ಕೇಳುತ್ತಾಳೆ.

ಇತಿ,
ಒಬ್ಬ ಗೃಹಿಣಿ,
ದಾವಣಗೆರೆ