ಸೆಬುವಿಗೆ ಹೊರಟ ಅಕ್ಕನ ಮಗಳಿಗೆ

ಚಿ. ಪುಟ್ಟಿಗೆ, ಮೈಸೂರಿನಿಂದ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನನ್ನು ಫಿಲಿಪೀನ್ಸಿನ ಸೆಬುವಿಗೆ ಕಳಿಸುತ್ತಿದ್ದಾರೆ, ಅಲ್ಲಿನ ಕಸ್ಟಮರ್ ಸಪೋರ್ಟ್ ಸೆಂಟರಿನಲ್ಲಿ ಎಐ ಅಳವಡಿಸುವ ತಂಡಕ್ಕೆ ನೀನೇ ಲೀಡ್ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು. ಹಿಂದೆಯೇ ಸ್ವಲ್ಪ ಕಳವಳವೂ ಆಯಿತು. ನಿನ್ನ ಊಟ, ವಸತಿಯ ಚಿಂತೆಯಲ್ಲ ಅದು. ಅದನ್ನೆಲ್ಲ ನೀನು ನಿಭಾಯಿಸುತ್ತೀಯ. ಆದರೆ ನಿನಗೆ ಒಪ್ಪಿಸಿರುವ ಕೆಲಸ ಎಚ್ಚರ ತಪ್ಪಿದರೆ ಒಂದು ಊರಿನ ಹೊಟ್ಟೆಯ ಮೇಲೆ ಹೊಡೆಯುವಂಥದ್ದು. ಆ ಊರು, ಅಲ್ಲಿನ ಐಟಿಯ ಜನ ಯಾರು ಎಂದು ತಿಳಿಯದೆ ಅದಕ್ಕೆ ಕೈಹಾಕಬೇಡ ಎಂದು ಹೇಳಲಿಕ್ಕೇ ಈ ಕಾಗದ.

ನಾನು ಅಲ್ಲಿದ್ದ ವರ್ಷಗಳಲ್ಲಿ ಬೆಂಗಳೂರು, ಹೈದರಾಬಾದುಗಳಿಂದ ಬಂದ ನಮ್ಮವರನ್ನು ಬಹಳ ಜನರನ್ನು ನೋಡಿದ್ದೇನೆ. ಕಾಂಡೊ ಫ್ಲ್ಯಾಟು, ಆಫೀಸು, ಮಾಲು, ಶನಿವಾರ ಇಂಡಿಯನ್ ಹೋಟೆಲು. ಬೆಳಿಗ್ಗೆ ಎದ್ದರೆ ಬೆಂಗಳೂರಿನ ಸುದ್ದಿ, ಮಲಗುವ ಮುಂಚೆ ಅಮೆರಿಕದ ಟೆಕ್ ಸುದ್ದಿ. ಕಾಲ ಕೆಳಗಿನ ಊರಿನಲ್ಲಿ ಏನು ನಡೆಯುತ್ತಿದೆ ಎಂದು ಕೇಳಿದರೆ ಗೊತ್ತಿಲ್ಲ. ಬೆಂಗಳೂರಿಗೆ ಬಂದು ಹತ್ತು ವರ್ಷ ದುಡಿದು, ಪಕ್ಕದ ಬೀದಿಯ ಹೆಸರೂ ತಿಳಿಯದೆ, ಕನ್ನಡದ ನಾಲ್ಕು ಮಾತೂ ಕಲಿಯದೆ ಇರುವವರನ್ನು ಕಂಡು ನಾವು ಎಷ್ಟು ನೊಂದುಕೊಳ್ಳುತ್ತೇವೆ! ಸೆಬುವಿನಲ್ಲಿ ಹೊರಗಿನಿಂದ ಬಂದವಳು ನೀನು. ನಾವು ಇಲ್ಲಿ ಬೇರೆಯವರಿಂದ ಏನನ್ನು ಬಯಸುತ್ತೇವೋ ಅದನ್ನು ಅಲ್ಲಿ ನೀನು ಮಾಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಮೊದಲು ಮಾತಿನ ವಿಷಯ. ಹೊರಡುವ ಮುಂಚೆ ಟ್ಯಾಗಲೋಗ್ ಕಲಿಯಲು ಆ್ಯಪ್ ಹಾಕಿಕೊಂಡಿದ್ದೀಯಂತೆ. ಟ್ಯಾಗಲೋಗ್ ಮನಿಲಾ ಕಡೆಯ ಮಾತು. ಸೆಬುವಿನವರ ಮನೆಮಾತು ಸೆಬುವಾನೊ. ಅವರೇ ಅದನ್ನು ಬಿಸಾಯಾ ಎನ್ನುತ್ತಾರೆ. ರಾಜಧಾನಿಯ ಭಾಷೆಯಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು ಅಲ್ಲಿ ಬೇಕಾದಷ್ಟು ಮಂದಿ. ಆ ಸಂಕಟವನ್ನು ಕನ್ನಡದವಳಾದ ನಿನಗೆ ನಾನು ವಿವರಿಸಬೇಕಿಲ್ಲ. ಬೆಳಿಗ್ಗೆ 'ಮಾಯೋಂಗ್ ಬುಂತಾಗ್', ಕೆಲಸ ಮಾಡಿಕೊಟ್ಟವರಿಗೆ 'ದಗ್‌ಹಾಂಗ್ ಸಲಾಮತ್'. ಇಷ್ಟರಿಂದ ಶುರುಮಾಡು, ಉಳಿದದ್ದನ್ನು ಅವರೇ ಕಲಿಸುತ್ತಾರೆ.

ಎರಡನೆಯದು, ಅದು ಬರಿಯ ಕಾಲ್‌ಸೆಂಟರ್ ಊರು ಎನ್ನುವ ತಿಳಿವಳಿಕೆಯನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗು. ನಿನ್ನ ಆಫೀಸು ಇರುವ ಲಾಹುಗ್‌ನ ಐಟಿ ಪಾರ್ಕ್ ಹಿಂದೆ ವಿಮಾನ ನಿಲ್ದಾಣವಾಗಿತ್ತು. 1957ರ ಮಾರ್ಚ್ 17ರ ನಡುರಾತ್ರಿ ಕಳೆದ ಮೇಲೆ ಅಧ್ಯಕ್ಷ ರಮೋನ್ ಮ್ಯಾಗ್ಸೆಸೆ ಅವರ ವಿಮಾನ ಅಲ್ಲಿಂದಲೇ ಹೊರಟು ಮನುಂಗ್ಗಲ್ ಬೆಟ್ಟಕ್ಕೆ ಅಪ್ಪಳಿಸಿತು. ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದದ್ದು ಇದೇ ಮ್ಯಾಗ್ಸೆಸೆ ಅವರ ಹೆಸರಿನ ಪ್ರಶಸ್ತಿ. 1960ರ ದಶಕದಲ್ಲಿ ನಿಲ್ದಾಣ ಮ್ಯಾಕ್ಟಾನ್ ದ್ವೀಪಕ್ಕೆ ಹೋಯಿತು. ಅದೇ ದ್ವೀಪದಲ್ಲಿ 1979ರ ಹೊತ್ತಿಗೆ ರಫ್ತು ಕಾರ್ಖಾನೆಗಳ ವಲಯ ಎದ್ದಿತು. ಕಾಲ್‌ಸೆಂಟರುಗಳು ಬರುವುದಕ್ಕೆ ಎಷ್ಟೋ ಮುಂಚಿನಿಂದ ಆ ಊರಿನ ಕೈಗಳಿಗೆ ಎಲೆಕ್ಟ್ರಾನಿಕ್ಸ್ ಕೆಲಸ ಗೊತ್ತು. ಪ್ರಿಂಟರ್ ಮಾಡುವ ಲೆಕ್ಸ್‌ಮಾರ್ಕ್ ತನ್ನ ಸಂಶೋಧನಾ ಕೇಂದ್ರವನ್ನೇ ಅಲ್ಲಿ ತೆರೆಯಿತು. ನಮ್ಮ ಬೆಂಗಳೂರಿನ ವಿಪ್ರೊ ಅಲ್ಲಿಗೆ ಹೋಗಿಯೂ ಬಹಳ ವರ್ಷಗಳಾದವು.

ಇನ್ನೊಂದು ಸಂಗತಿ ಅಲ್ಲಿನ ಹಳೆಯ ತಲೆಗಳು ಅಭಿಮಾನದಿಂದ ಹೇಳುತ್ತಾರೆ. 1994ರ ಮಾರ್ಚ್ 29ರಂದು ಫಿಲಿಪೀನ್ಸ್ ಮೊದಲ ಸಲ ಇಂಟರ್ನೆಟ್ಟಿಗೆ ಸೇರಿತು. ಇಡೀ ದೇಶಕ್ಕೆ ಸೇರಿ ಸೆಕೆಂಡಿಗೆ 64 ಕಿಲೋಬಿಟ್ ವೇಗದ ಒಂದೇ ಲೈನು. ತಂತಿ ಜೋಡಿಸಿದ್ದು ಮನಿಲಾ ಪಕ್ಕದ ಮಕಾಟಿಯಲ್ಲಿ, ಆದರೆ ಸುದ್ದಿಯನ್ನು ಸಭೆಗೆ ಘೋಷಿಸಿದ್ದು ಸೆಬುವಿನ ಸ್ಯಾನ್ ಕಾರ್ಲೋಸ್ ವಿಶ್ವವಿದ್ಯಾಲಯದ ತಲಂಬಾನ್ ಕ್ಯಾಂಪಸ್ಸಿನಲ್ಲಿ, ಇಮೇಲ್ ಕುರಿತ ಒಂದು ಸಮ್ಮೇಳನದಲ್ಲಿ. ಬಿಡುವಾದಾಗ ಆ ಕ್ಯಾಂಪಸ್ಸಿಗೆ ಒಮ್ಮೆ ಹೋಗಿ ಬಾ.

ಹೊರಗಿನ ಪ್ರಪಂಚಕ್ಕೆ ಫಿಲಿಪೀನ್ಸಿನ ಕಂಪ್ಯೂಟರ್ ಸುದ್ದಿ ಎಂದರೆ ನೆನಪಾಗುವುದು 2000ದ ಮೇ 4ರ 'ಐ ಲವ್ ಯೂ' ವೈರಸ್ ಒಂದೇ. ಮನಿಲಾದ ಒಬ್ಬ ವಿದ್ಯಾರ್ಥಿಯ ಕೈಯಿಂದ ಹೊರಟದ್ದು. ಆಗ ಅದನ್ನು ಅಪರಾಧ ಎನ್ನುವ ಕಾನೂನೇ ಆ ದೇಶದಲ್ಲಿರಲಿಲ್ಲ. ಮುಂದಿನ ತಿಂಗಳು ಮಾಡಿದರು, ಅದು ಹಿಂದಿನ ತಪ್ಪಿಗೆ ಅನ್ವಯಿಸಲಿಲ್ಲ. ಆ ಹುಡುಗ ಅದಕ್ಕೂ ಮುಂಚೆ ಕಾಲೇಜಿಗೆ ಒಪ್ಪಿಸಿದ್ದ ಪ್ರಾಜೆಕ್ಟು ಬೇರೆಯವರ ಇಂಟರ್ನೆಟ್ ಪಾಸ್‌ವರ್ಡ್ ಕದಿಯುವುದರ ಬಗ್ಗೆ. ಡಯಲ್-ಅಪ್‌ಗೆ ಕೊಡಲು ದುಡ್ಡಿಲ್ಲದವರಿಗೂ ಇಂಟರ್ನೆಟ್ ಸಿಗಲಿ ಎನ್ನುವುದು ಅವನ ವಾದ. ಕಾಲೇಜು ಅದನ್ನು ತಳ್ಳಿಹಾಕಿತು, ಸರಿಯಾಗಿಯೇ ಮಾಡಿತು. ಕಳ್ಳತನ ಕಳ್ಳತನವೇ. ಆದರೆ ದುಡ್ಡಿಲ್ಲದವನಿಗೆ ಇಂಟರ್ನೆಟ್ ಹೇಗೆ ಎನ್ನುವ ಪ್ರಶ್ನೆ ಮಾತ್ರ ಆ ದೇಶದಲ್ಲಿ ಇನ್ನೂ ಮುಗಿದಿಲ್ಲ.

ಅದಕ್ಕೆ ಬೀದಿಯೇ ಕಂಡುಕೊಂಡ ಉತ್ತರ ನಿನಗೆ ಮೊದಲ ವಾರದಲ್ಲೇ ಕಾಣುತ್ತದೆ. ಗಲ್ಲಿಯ ಪುಟ್ಟ ಅಂಗಡಿಗೆ ಅಲ್ಲಿ ಸಾರಿ-ಸಾರಿ ಎನ್ನುತ್ತಾರೆ. ಅದರ ಜಾಲರಿ ಕಿಟಕಿಯ ಪಕ್ಕ ಗೋಡೆಗೆ ಒಂದು ತಗಡಿನ ಪೆಟ್ಟಿಗೆ ಬಡಿದಿರುತ್ತದೆ: ನಾಣ್ಯ ಹಾಕುವ ಸೀಳು, ಮೇಲೆ ಆಂಟೆನಾ, ಒಳಗಿನಿಂದ ಮಿಣುಕುವ ಸಣ್ಣ ದೀಪ. ಪೀಸೊ ವೈಫೈ. ಫೋನಿನಲ್ಲಿ ಒತ್ತಿ ಒಂದು ಪೀಸೊ ನಾಣ್ಯ ಹಾಕಿದರೆ ಕೆಲವು ನಿಮಿಷದ ಇಂಟರ್ನೆಟ್; ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಾ ಹೋಗುತ್ತವೆ. ಸಂಜೆ ಹೊತ್ತು ಮಕ್ಕಳು ಬೆಂಚಿನ ಮೇಲೆ ಒತ್ತಿಕೊಂಡು ಕೂತು, ಶಾಲೆಯ ಪಾಠ ಡೌನ್‌ಲೋಡ್ ಆಗುವವರೆಗೆ ಮಾತಿಲ್ಲದೆ ಕಾಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಪೆಟ್ಟಿಗೆಗಳಲ್ಲಿ ಎಷ್ಟೋ ಅಲ್ಲಿನ ಹುಡುಗರೇ ರಾಸ್ಪ್‌ಬೆರಿ ಪೈ, ಆರೆಂಜ್ ಪೈ ಎನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು ತಂದು ಜೋಡಿಸಿದವು. ಕೆಟ್ಟರೆ ಅವರೇ ಬಿಚ್ಚಿ ಸರಿಮಾಡುತ್ತಾರೆ. ನನ್ನ ಮಟ್ಟಿಗೆ ಆ ಊರಿನ ಐಟಿ ಗಾಜಿನ ಕಟ್ಟಡದಲ್ಲಿ ಎಷ್ಟಿದೆಯೋ ಆ ಗೋಡೆಯ ಮೇಲೂ ಅಷ್ಟೇ ಇದೆ. ನಿಮ್ಮ ಕಂಪನಿಯ ಆ್ಯಪನ್ನು ಆ ಬೆಂಚಿನ ಮೇಲೆ ಕೂತು, ಒಂದು ಪೀಸೊದ ಹೊತ್ತಿನಲ್ಲಿ ತೆರೆದು ನೋಡು. ತೆರೆಯುವಷ್ಟರಲ್ಲಿ ನಾಣ್ಯ ಮುಗಿದರೆ ಆ ಆ್ಯಪ್ ಅಲ್ಲಿಯವರಿಗಾಗಿ ಮಾಡಿದ್ದಲ್ಲ.

ಊರಿನ ಪತ್ರಿಕೆಗಳನ್ನು ಓದು. 'ದ ಫ್ರೀಮನ್' 1919ರಿಂದ ಇದೆ, 'ಸನ್‌ಸ್ಟಾರ್' ಇದೆ, 'ಸೆಬು ಡೈಲಿ ನ್ಯೂಸ್' ಈಗ ಡಿಜಿಟಲ್ ಮಾತ್ರ. ಎಲ್ಲ ಇಂಗ್ಲಿಷಿನವೇ, ನೆಪ ಹೇಳುವಂತಿಲ್ಲ. ನಿಜವಾದ ಟೆಕ್ ಸುದ್ದಿ ಅಲ್ಲಿ ಟೆಕ್ ಪುಟದಲ್ಲೇ ಇರಬೇಕೆಂದಿಲ್ಲ. ಕರೆಂಟಿನ ಸುದ್ದಿ, ಕೂಲಿದರದ ಸುದ್ದಿ, ಟ್ರಾಫಿಕ್ಕಿನ ಸುದ್ದಿ, ಎಲ್ಲವೂ ನಿನ್ನ ತಂಡದ ಸುದ್ದಿಯೇ. 2022ರಲ್ಲಿ, ಏಪ್ರಿಲ್ 1ರಿಂದ ಆಫೀಸಿಗೆ ಬಂದೇ ಕೆಲಸ ಮಾಡಬೇಕು, ಇಲ್ಲವಾದರೆ ಕಂಪನಿಗೆ ತೆರಿಗೆ ವಿನಾಯಿತಿ ಇಲ್ಲ ಎಂದು ಸರ್ಕಾರ ಹೇಳಿತು. ಕೋವಿಡ್ ಕಾಲದಲ್ಲಿ ಎರಡು ವರ್ಷ ಮನೆಯಿಂದ ದುಡಿದವರ ಬಾಡಿಗೆ, ಮಗುವನ್ನು ನೋಡಿಕೊಳ್ಳುವವರು, ಸಿಟಿಬಸ್ಸಿನಂತೆ ಓಡುವ ಜೀಪ್ನಿಯ ಖರ್ಚು ಎಲ್ಲ ಒಂದೇ ಆದೇಶದಲ್ಲಿ ಬದಲಾಯಿತು. ಕಂಪನಿಗಳು ನೋಂದಣಿ ಬದಲಿಸಿಕೊಂಡು ಮನೆಯಿಂದಲೇ ಕೆಲಸ ಮಾಡಿಸುವ ದಾರಿಯನ್ನು ಆಮೇಲೆ ಕೊಟ್ಟರು. ಇಂಥದ್ದನ್ನು ತಿಳಿಯದ ಲೀಡ್, ಹಾಜರಿ ಯಾಕೆ ಕಮ್ಮಿಯಾಯಿತು ಎಂದು ಎಕ್ಸೆಲ್ ಶೀಟಿನಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ.

ಓದುವುದು ಸಾಲದು, ಜನರ ಜೊತೆ ಸೇರಬೇಕು. ಅಲ್ಲಿ ಸಾಫ್ಟ್‌ವೇರ್ ಬರೆಯುವವರ ಕೂಟಗಳಿವೆ: ಗೂಗಲ್ ತಂತ್ರಜ್ಞಾನ ಬಳಸುವವರ ಜಿಡಿಜಿ ಸೆಬು ಇದೆ, ಡೆವ್‌ಕಾನ್‌ನ ಸೆಬು ಶಾಖೆ ಇದೆ. ಮೀಟಪ್‌ಗಳಿಗೆ ಬರುವವರಲ್ಲಿ ಸ್ಯಾನ್ ಕಾರ್ಲೋಸ್, ಸಿಐಟಿ, ಯುಪಿ ಸೆಬು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಇರುತ್ತಾರೆ. ಮೊದಲ ಕೆಲವು ತಿಂಗಳು ಹಿಂದಿನ ಸಾಲಿನಲ್ಲಿ ಕೂತು ಕೇಳು. ವೇದಿಕೆ ಹತ್ತುವ ಆತುರ ಬೇಡ; ಬೆಂಗಳೂರಿನಲ್ಲಿ ನಾವು ಹೀಗೆ ಮಾಡುತ್ತೇವೆ ಎಂದು ಶುರುಮಾಡುವ ಭಾಷಣವಂತೂ ಬೇಡವೇ ಬೇಡ. ಕುರ್ಚಿ ಜೋಡಿಸಲು ಕೈ ಕೊಡು, ವಿದ್ಯಾರ್ಥಿಗಳ ಕೋಡ್ ನೋಡಿಕೊಡು. ಕರೆದಾಗ ಮಾತಾಡು.

ಈಗ ನಿನ್ನ ಕೆಲಸದ ವಿಷಯ. 2024ರ ಲೆಕ್ಕದಲ್ಲಿ ಫಿಲಿಪೀನ್ಸಿನ ಐಟಿ-ಬಿಪಿಒ ಉದ್ಯಮದಲ್ಲಿ ಸುಮಾರು 18 ಲಕ್ಷ ಜನ ದುಡಿಯುತ್ತಿದ್ದರು, ವರ್ಷದ ವರಮಾನ ಸುಮಾರು 3,800 ಕೋಟಿ ಡಾಲರ್. ಮನಿಲಾ ಬಿಟ್ಟರೆ ಇದರ ದೊಡ್ಡ ಊರು ಸೆಬು. ರಾತ್ರಿ ಪಾಳಿಯಲ್ಲಿ ಹೆಡ್‌ಸೆಟ್ ಹಾಕಿದ ಹುಡುಗಿಯೊಬ್ಬಳ ಸಂಬಳದಲ್ಲಿ ಊರಿನ ಮನೆಯ ತಗಡಿನ ಮಾಡು, ತಮ್ಮನ ಕಾಲೇಜು ಫೀಸು, ಅಪ್ಪನ ಔಷಧಿ ಎಲ್ಲ ಇರುತ್ತವೆ. ಅವಳು ಮಾಡುವ ಕೆಲಸವನ್ನೇ ಯಂತ್ರಕ್ಕೆ ಕಲಿಸಲು ನೀನು ಹೋಗುತ್ತಿರುವುದು. ಹೋಗಬೇಡ ಎಂದು ನಾನು ಹೇಳುತ್ತಿಲ್ಲ. ನೀನು ಹೋಗದಿದ್ದರೆ ಇನ್ನೊಬ್ಬರು ಹೋಗುತ್ತಾರೆ, ಅವರಿಗೆ ಈ ಕಾಗದ ಬರೆಯುವವರು ಯಾರೂ ಇರದೇ ಇರಬಹುದು.

ಆದ್ದರಿಂದ ಹೀಗೆ ಮಾಡು. ಗ್ರಾಹಕರಿಗೆ ತಾನೇ ಉತ್ತರಿಸುವ ಬಾಟ್‌ಗೆ ಒಂದು ಸಾಲು ಬರೆಯುವ ಮುಂಚೆ ರಾತ್ರಿ ಪಾಳಿಯಲ್ಲಿ ಏಜೆಂಟರ ಪಕ್ಕ, ಒಂದೇ ಕರೆಯನ್ನು ಇಬ್ಬರಿಗೂ ಕೇಳಿಸುವ ವೈ-ಜ್ಯಾಕ್ ಹಾಕಿಕೊಂಡು ಕೂತು ಕಾಲ್ ಕೇಳು. ಅರ್ಧ ಗಂಟೆ ಕೂತು ಎದ್ದು ಬರಬೇಡ, ಪಾಳಿ ಪೂರ್ತಿ ಕೂರು. ಬಿಲ್ ಹೆಚ್ಚು ಬಂತೆಂದು ಬೈಯುತ್ತಿರುವ ಅಮೆರಿಕದ ಮುದುಕರೊಬ್ಬರಿಗೆ ನಿಜವಾಗಿ ಬೇಕಾಗಿರುವುದು ಮಾತಾಡಲು ಒಂದು ಜೀವ ಎಂದು ಏಜೆಂಟರು ಎರಡನೇ ನಿಮಿಷಕ್ಕೇ ಗುರುತಿಸುತ್ತಾರೆ, ಸ್ಕ್ರಿಪ್ಟ್ ಬಿಟ್ಟು ಹವಾಮಾನ ವಿಚಾರಿಸುತ್ತಾರೆ. ಅಳತೆಪಟ್ಟಿಯಲ್ಲಿ ಅದು ಬರಿಯ ಹೆಚ್ಚಿನ ಎಎಚ್‌ಟಿ, ಅಂದರೆ ಒಂದು ಕರೆಗೆ ಹಿಡಿಯುವ ಸರಾಸರಿ ಸಮಯ. ಯಾವ ಕೆಲಸ ಅವರ ಬೆನ್ನು ಮುರಿಯುತ್ತಿದೆ, ಯಾವುದನ್ನು ಅವರು ಮಾತ್ರ ಮಾಡಬಲ್ಲರು ಎಂದು ಅವರನ್ನೇ ಕೇಳು. ಕಾಲ್ ಮುಗಿದ ಮೇಲೆ ಟಿಪ್ಪಣಿ ಬರೆಯುವುದು, ಆರು ಪರದೆಗಳಲ್ಲಿ ಒಂದೇ ವಿಳಾಸ ಹುಡುಕುವುದು, ಇವುಗಳನ್ನು ಯಂತ್ರಕ್ಕೆ ಕೊಟ್ಟರೆ ಅವರೇ ಹರಸುತ್ತಾರೆ. ಜನ ಕಡಿಮೆ ಮಾಡುವ ಸಂಖ್ಯೆಯನ್ನು ಮೇಲಿನವರು ಕೇಳಿದರೆ, ಆ ಜನಕ್ಕೆ ಬೇರೆ ಏನು ಕಲಿಸುತ್ತೀರಿ ಎನ್ನುವ ಪ್ರಶ್ನೆಯನ್ನೂ ಅದೇ ಮೀಟಿಂಗಿನಲ್ಲಿ ಎತ್ತು. ಮಾತಾಡಲು ಹೆದರಬೇಡ. ಲೀಡ್ ಎಂದು ನಿನ್ನನ್ನು ಕೂರಿಸಿರುವುದು ಅದಕ್ಕೂ ಹೌದು. ಇನ್ನು ಯಾರದ್ದಾದರೂ ತಪ್ಪು ಕಂಡರೆ ನಾಲ್ಕು ಜನರೆದುರು ಎತ್ತಿ ಆಡಬೇಡ. ಪಕ್ಕಕ್ಕೆ ಕರೆದು ಹೇಳು.

ಚಂಡಮಾರುತದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡ. 2021ರ ಡಿಸೆಂಬರ್ 16ರ ರಾತ್ರಿ ಒಡೆಟ್ ಬಂದು ಹೋದ ಮೇಲೆ ವಾರಗಟ್ಟಲೆ ಕರೆಂಟಿಲ್ಲ, ನೀರಿಲ್ಲ, ಸಿಗ್ನಲ್ಲಿಲ್ಲ. ನನ್ನ ಹಳೆಯ ತಂಡದವರು ಜನರೇಟರ್ ಇದ್ದ ಕಡೆ ಫೋನ್ ಚಾರ್ಜಿಗೆ ಸಾಲು ನಿಂತರು, ಮನೆಯವರು ಬದುಕಿದ್ದಾರೆಂದು ಒಂದು ಮೆಸೇಜು ಕಳಿಸಲು ಊರಿನ ಇನ್ನೊಂದು ತುದಿಗೆ ನಡೆದರು. 2025ರ ಸೆಪ್ಟೆಂಬರ್ 30ರಂದು ದ್ವೀಪದ ಉತ್ತರಕ್ಕೆ 6.9ರ ಭೂಕಂಪ ಬೇರೆ. ನೀರಿನ ಕ್ಯಾನು, ಪವರ್‌ಬ್ಯಾಂಕು, ಸ್ವಲ್ಪ ನಗದು, ಟಾರ್ಚು ಯಾವಾಗಲೂ ಮನೆಯಲ್ಲಿರಲಿ. ತಂಡದ ಎಲ್ಲರ ಮನೆ ಯಾವ ಕಡೆ, ಯಾರ ಮನೆಯಲ್ಲಿ ವಯಸ್ಸಾದವರಿದ್ದಾರೆ ಎಂದು ಕಾಗದದ ಮೇಲೆ ಬರೆದಿಟ್ಟುಕೋ. ಆ ದಿನ ಕ್ಲೌಡ್ ತೆರೆಯುವುದಿಲ್ಲ.

ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಮ್ಮ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ನಿನಗೆ ಹನ್ನೆರಡೂವರೆ ಎಂದು ಅವಳಿಗೆ ಈಗಲೇ ತಿಳಿಸಿ ಹೋಗು. ಅತ್ತೆ ಚಟ್ನಿಪುಡಿ ಮಾಡಿಟ್ಟಿದ್ದಾಳೆ. ಎರಡು ಡಬ್ಬಿ: ಒಂದು ನಿನಗೆ, ಇನ್ನೊಂದು ರಾತ್ರಿ ಪಾಳಿಯವರ ಊಟದ ಮೇಜಿಗೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ